ಮಂಗನ ಎಕ್ಸ್-ರೇ: ಒಂದು ವಿಚಾರ

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ, ನಾನು ತಾಳಗುಂದದ ಶಾಸನವನ್ನು ಕುರಿತೋ ಬಳ್ಳಿಗಾವಿಯ ದೇವಾಲಯಗಳನ್ನು ಕುರಿತೋ ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಇತಿಹಾಸವನ್ನು ಐಚ್ಛಿಕವಾಗಿ ಓದುವ ಬಿ.ಎ. ವಿದ್ಯಾರ್ಥಿ ಅದನ್ನೇ ಬರೆಯತಕ್ಕದ್ದು. ನಾನು ಮಂಗನಿಗೆ ಎಕ್ಸ್-ರೇ ತೆಗೆಯುವುದನ್ನು ಕುರಿತು ಬರೆಯುತ್ತೇನೆಂದಾಗ ಅವರು ಕನ್ನಡಕವನ್ನು ತೆಗೆದು ನನ್ನನ್ನು ಒಮ್ಮೆ ನೋಡಿದರು. ಹಾಸ್ಯಲೇಖನವೇ ಎಂದು ಕೇಳಿದರು. ಅಲ್ಲ ಸಾರ್ ಎಂದೆ. ವಿಷಯ ಹಾಸ್ಯದ್ದಲ್ಲವೆಂಬುದನ್ನು ತೋರಿಸುವುದಕ್ಕಾಗಿಯೇ ಈ ಬರಹ. ವಿಜ್ಞಾನದ ಗಂಧವಿಲ್ಲದವನು ವಿಜ್ಞಾನದ ಮಾತಿಗೆ ಕೈ ಹಾಕಿದ್ದೇನೆ. ತಪ್ಪಿದ್ದಲ್ಲಿ ಬಲ್ಲವರು ತಿದ್ದಬೇಕು.

ಮೊದಲು ನಮ್ಮ ದೊಡ್ಡಪ್ಪನ ಸಂಗತಿಯನ್ನು ಹೇಳುತ್ತೇನೆ. ನಮ್ಮದು ಸೊರಬ ತಾಲ್ಲೂಕಿನ ಕಾಡಂಚಿನ ಒಂದು ಸಣ್ಣ ಊರು. ನಾನು ಹೈಸ್ಕೂಲಿನಲ್ಲಿದ್ದ ಕಾಲಕ್ಕೆ ಒಂದು ಫೆಬ್ರವರಿಯಲ್ಲಿ, ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗಿ ಬಂದ ಕೆಲವು ದಿವಸಗಳಲ್ಲಿ, ದೊಡ್ಡಪ್ಪನಿಗೆ ಜ್ವರ ಹತ್ತಿತು. ಕಣ್ಣು ಕೆಂಡದಂತೆ ಕೆಂಪು, ಸೊಂಟ ಎತ್ತಲಾಗದಷ್ಟು ನೋವು. ರಕ್ತ ಪರೀಕ್ಷೆಯಾಗಿ ಮಂಗನ ಕಾಯಿಲೆಯೆಂದು ಗೊತ್ತಾಯಿತು. ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಮನೆಗೆ ಬಂದರು, ಗಂಜಿ ಕುಡಿದರು, ಅಂಗಳದಲ್ಲಿ ಕೂತು ಅಡಿಕೆ ಸುಲಿಯಲೂ ತೊಡಗಿದರು. ಗೆದ್ದೆವೆಂದು ದೊಡ್ಡಮ್ಮ ದೇವರಿಗೆ ಕಾಯಿ ಒಡೆಸಿದಳು. ಮೂರನೆಯ ವಾರ ಮತ್ತೆ ಜ್ವರ ಬಂತು. ಈ ಸಲ ತಲೆ ಒಡೆಯುವಂತಹ ನೋವು, ಕತ್ತು ಬಗ್ಗದು, ಕೈ ನಡುಕ, ನಡುರಾತ್ರಿಯಲ್ಲಿ ಸತ್ತುಹೋದ ಎತ್ತನ್ನು ಹೆಸರು ಹಿಡಿದು ಕರೆಯುವುದು. ಮಿದುಳಿನ ಸ್ಕ್ಯಾನ್ ಆಗಬೇಕು ಎಂದರು ವೈದ್ಯರು. ಅದಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಯಿತು; ಬಾಡಿಗೆ ಕಾರಿನ ಹಣಕ್ಕೆ ದೊಡ್ಡಮ್ಮನ ಬಳೆ ಅಡವಿಗೆ ಹೋಯಿತು. ದೊಡ್ಡಪ್ಪ ಬದುಕಿಕೊಂಡರು. ಆದರೆ ಇಂದಿಗೂ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ.

ಅಂದು ನನಗೆ ಅರ್ಥವಾಗದ, ಇಂದಿಗೂ ಪೂರ್ತಿಯಾಗಿ ಅರ್ಥವಾಗದ ಒಂದು ಪ್ರಶ್ನೆಯಿದೆ. ಮೊದಲ ಜ್ವರ ಬಿಟ್ಟು ಎರಡನೆಯದು ಬರುವ ನಡುವಿನ ಆ ದಿನಗಳಲ್ಲಿ, ಅವರು ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾಗ, ಅವರ ತಲೆಯೊಳಗೆ ಏನು ನಡೆಯುತ್ತಿತ್ತು? ಈ ಕಾಯಿಲೆಯಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಹೀಗೆ ಎರಡನೆಯ ಸುತ್ತು ಬರುವುದುಂಟೆಂದೂ, ಮೂರರಿಂದ ಐದು ಮಂದಿ ಸಾಯುವರೆಂದೂ ಗ್ರಂಥಗಳು ಹೇಳುತ್ತವೆ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಬರುವ ಮೊದಲೇ ತಿಳಿಯಬಹುದೇ? ಗುಣವಾದೆನೆಂದು ನಗುತ್ತಿರುವ ಮನುಷ್ಯನನ್ನು ಕರೆದೊಯ್ದು ಎರಡು ದಿನಕ್ಕೊಮ್ಮೆ ಮಿದುಳಿನ ಚಿತ್ರ ತೆಗೆಯುವವರು ಯಾರು? ಅವನಾದರೂ ಏಕೆ ಬಂದಾನು? ಅದನ್ನು ನೋಡಬೇಕಾದರೆ ಸೋಂಕು ತಗಲಿದ ದಿನ ಇಂಥದೇ ಎಂದು ಗೊತ್ತಿರುವ ಒಂದು ಪ್ರಾಣಿಯಲ್ಲಿ ನೋಡಬೇಕು. ನನ್ನ ವಿಷಯ ಹುಟ್ಟುವುದು ಇಲ್ಲಿ.

ಕಾಯಿಲೆಯ ಇತಿಹಾಸ ನಮ್ಮವರಿಗೆ ಗೊತ್ತಿಲ್ಲದ್ದಲ್ಲ. ಆದರೂ ಶಿಕಾರಿಪುರದ ಗೆಳೆಯರಲ್ಲಿ ಅನೇಕರು ಇದನ್ನು ಸಾಗರದ ಕಡೆಯ ರೋಗವೆಂದು ತಿಳಿದಿರುವುದರಿಂದ ಎರಡು ಮಾತು. 1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಕೆಂಪು ಮುಖದ ಮಂಗಗಳೂ ಮರದಿಂದ ಉದುರಿ ಸಾಯುತ್ತಿದ್ದ ಸುದ್ದಿ ಪುಣೆಗೆ ಹೋಯಿತು. ಕಾಡಿಗೆ ಹೋಗಿಬಂದ ಜನರೂ ಜ್ವರದಲ್ಲಿ ಮಲಗಿದ್ದರು. ಪುಣೆಯ ವೈರಸ್ ರಿಸರ್ಚ್ ಸೆಂಟರ್ 1952ರಲ್ಲಿ ಸ್ಥಾಪನೆಯಾದದ್ದು. 1978ರಿಂದ ಅದು ರಾಷ್ಟ್ರೀಯ ವೈರಾಣು ಸಂಸ್ಥೆ. ಆಗ ಅದರ ನಿರ್ದೇಶಕರಾಗಿದ್ದವರು ಟೆಲ್‌ಫೋರ್ಡ್ ವರ್ಕ್ ಎಂಬ ಅಮೆರಿಕದ ವೈದ್ಯರು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರ, ಏಷ್ಯಾ ಖಂಡದಲ್ಲಿ ಎಂದೂ ಕಾಣಿಸದಿದ್ದ ಆ ಜ್ವರ, ಇಲ್ಲಿಗೆ ಬಂದುಬಿಟ್ಟಿತೇ ಎಂಬ ಭಯದಿಂದಲೇ ಅವರ ತಂಡ ಧಾವಿಸಿ ಬಂದದ್ದು. ಹಳದಿ ಜ್ವರವಲ್ಲವೆಂದು ಬೇಗನೆ ತಿಳಿಯಿತು. ಸಿಕ್ಕಿದ್ದು ಒಂದು ಹೊಸ ವೈರಸ್. ರಷ್ಯದ ಕಾಡುಗಳ ಮಿದುಳು ಜ್ವರದ ವೈರಸ್ಸಿಗೆ ನಂಟಿನದು, ಉಣುಗಿನ ಕಡಿತದಿಂದ ಹರಡುವಂಥದು. ಅದಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟರು. ಮೊದಲ ಹದಿನೈದು ವರ್ಷ ಅದು ಸೊರಬ, ಸಾಗರ, ಶಿಕಾರಿಪುರಗಳ ಸುತ್ತಿನಲ್ಲಿಯೇ ಇತ್ತು. ಆಮೇಲೆ ಉತ್ತರ ಕನ್ನಡ, ದಕ್ಷಿಣ ಕನ್ನಡ. 2012ರ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವ, ಮಹಾರಾಷ್ಟ್ರದ ಸಿಂಧುದುರ್ಗ. ನಮ್ಮ ತಾಲ್ಲೂಕಿನ ಹೆಸರು ಇಷ್ಟು ದೂರ ಹೋದದ್ದು ಕದಂಬರ ಕಾಲದ ನಂತರ ಇದೇ ಮೊದಲೆಂದು ನಮ್ಮ ತರಗತಿಯಲ್ಲಿ ಒಬ್ಬ ನಗೆಯಾಡಿದ. ನಕ್ಕೆವು, ನಗಬಾರದಿತ್ತು.

ಈಗ ಪ್ರಯೋಗದ ಮಾತು. 1960ರ ದಶಕದಲ್ಲಿ ಎಚ್. ಇ. ವೆಬ್ ಮೊದಲಾದ ಸಂಶೋಧಕರು ನಮ್ಮ ಕೆಂಪು ಮುಖದ ಮಂಗಗಳಿಗೆ ಈ ವೈರಸ್ಸನ್ನು ತಗಲಿಸಿ, ರಕ್ತದಲ್ಲಿಯೂ ನರವ್ಯೂಹದಲ್ಲಿಯೂ ಆಗುವ ಬದಲಾವಣೆಗಳನ್ನು ಪರಿಶೀಲಿಸಿದರು. ಅಂದಿನ ಕಾಲಕ್ಕೆ ಒಳಗನ್ನು ನೋಡುವ ದಾರಿ ಒಂದೇ: ಪ್ರಾಣಿ ಸಾಯಬೇಕು, ಇಲ್ಲವೇ ಕೊಲ್ಲಬೇಕು, ಆಮೇಲೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಐದನೆಯ ದಿನ ಏನಾಗುತ್ತದೆ ಎಂದು ತಿಳಿಯಲು ಐದನೆಯ ದಿನ ಕೆಲವು ಮಂಗಗಳು, ಹತ್ತನೆಯ ದಿನಕ್ಕೆ ಬೇರೆ ಕೆಲವು, ಹದಿನೈದಕ್ಕೆ ಮತ್ತೆ ಕೆಲವು. ಐದನೆಯ ದಿನ ಸತ್ತ ಮಂಗ ಬದುಕಿದ್ದರೆ ಹದಿನೈದನೆಯ ದಿನ ಹೇಗಿರುತ್ತಿತ್ತು ಎಂಬುದನ್ನು ಮಾತ್ರ ಯಾವ ಸೂಕ್ಷ್ಮದರ್ಶಕವೂ ಹೇಳಲಾರದು. ನನ್ನ ದೊಡ್ಡಪ್ಪನ ಪ್ರಶ್ನೆಗೆ ಬೇಕಾದದ್ದು ಸರಿಯಾಗಿ ಅದೇ.

ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಮುಂತಾದ ಯಂತ್ರಗಳು ಬದಲಿಸಿದ್ದು ಇದನ್ನು. ಒಂದೇ ಪ್ರಾಣಿಯನ್ನು ಸೋಂಕಿಗೆ ಮೊದಲು ಒಮ್ಮೆ, ಆಮೇಲೆ ಹಲವು ಸಲ, ಕೊಯ್ಯದೆ ನೋಡಬಹುದು. ಅದರ ಚಿತ್ರವನ್ನು ಅದರದೇ ಹಿಂದಿನ ಚಿತ್ರದೊಡನೆ ಹೋಲಿಸಬಹುದು. ಹಾಗಾಗಿ ಪ್ರಾಣಿಗಳ ಸಂಖ್ಯೆ ಕಡಿಮೆ ಸಾಕು. ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು 1959ರಲ್ಲಿ ಪ್ರಯೋಗಪಶುಗಳ ವಿಷಯದಲ್ಲಿ ಮೂರು ನಿಯಮಗಳನ್ನು ಹೇಳಿದರು: ಸಾಧ್ಯವಾದರೆ ಪ್ರಾಣಿಯ ಬದಲು ಬೇರೇನನ್ನಾದರೂ ಬಳಸು, ಇಲ್ಲವಾದರೆ ಕಡಿಮೆ ಪ್ರಾಣಿಗಳನ್ನು ಬಳಸು, ಬಳಸಿದ ಪ್ರಾಣಿಗೆ ನೋವನ್ನು ಕಡಿಮೆ ಮಾಡು. ನಮ್ಮ ದೇಶದಲ್ಲಿಯೂ ಮರುವರ್ಷವೇ, 1960ರಲ್ಲಿ, ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಬಂದು, ಪ್ರಯೋಗಗಳ ಮೇಲೆ ಕಣ್ಣಿಡಲು ಸಮಿತಿಯೊಂದಕ್ಕೆ ಅವಕಾಶವಾಯಿತು. ಎರಡನೆಯ, ಮೂರನೆಯ ನಿಯಮಗಳಿಗೆ ಈ ಯಂತ್ರಗಳಷ್ಟು ಒದಗುವ ಸಾಧನ ಬೇರೆ ಇರಲಾರದು.

ಮನುಷ್ಯರ ಕ್ಷೇಮವೂ ಇದರಲ್ಲಿ ಇದೆ. ಕ್ಯಾಸನೂರು ವೈರಸ್ ಪ್ರಯೋಗಶಾಲೆಯಲ್ಲಿ ಬಹಳ ಸುಲಭವಾಗಿ ತಗಲುವಂಥದು. ಇದರ ಮೇಲೆ ಕೆಲಸ ಮಾಡಿದವರಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಪ್ರಯೋಗಶಾಲೆಯಲ್ಲಿಯೇ ಸೋಂಕು ತಗಲಿದ್ದುಂಟು. 2004ರಲ್ಲಿ ಸೈಬೀರಿಯದ ಒಂದು ಸಂಸ್ಥೆಯಲ್ಲಿ ಎಬೋಲ ತಗಲಿಸಿದ ಗಿನಿ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬಳು ಸೂಜಿ ಚುಚ್ಚಿಕೊಂಡು ಪ್ರಾಣ ಬಿಟ್ಟಳು. ಸೂಜಿ, ಚೂರಿ, ಒಡೆದ ಗಾಜು, ಮಂಗನ ಹಲ್ಲು ಇವೇ ಅಲ್ಲಿಯ ಹುಲಿ ಕರಡಿಗಳು. ಅರಿವಳಿಕೆಯಲ್ಲಿ ಮಲಗಿದ ಪ್ರಾಣಿಯ ಚಿತ್ರ ತೆಗೆಯುವಾಗ ಚೂರಿಯ ಕೆಲಸವಿಲ್ಲ.

ಹಾಗಾದರೆ ಯಂತ್ರವನ್ನು ಒಳಗೆ ಇಟ್ಟುಬಿಟ್ಟರೆ ಆಯಿತಲ್ಲ, ಇದರಲ್ಲಿ ವಿಚಾರ ಮಾಡುವಂಥದೇನು ಎಂದು ವಾಚಕರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಓದುತ್ತ ಹೋದಂತೆ ಇದು ಆನೆಯನ್ನು ಅಡಿಗೆಮನೆಗೆ ತರುವ ಕೆಲಸವೆಂದು ತಿಳಿಯಿತು.

ಅತ್ಯಂತ ಅಪಾಯಕರ ರೋಗಾಣುಗಳಿಗಾಗಿ ಕಟ್ಟುವ ನಾಲ್ಕನೆಯ ಮಟ್ಟದ ಪ್ರಯೋಗಶಾಲೆಯೆಂದರೆ ಕಟ್ಟಡದೊಳಗೊಂದು ಕಟ್ಟಡ. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ. ಬಾಗಿಲು ತೆರೆದರೆ ಗಾಳಿ ಒಳಕ್ಕೆ ನುಗ್ಗೀತೇ ಹೊರತು ಹೊರಕ್ಕೆ ಬರದು. ಹೊರಹೋಗುವ ಗಾಳಿ ಸೂಕ್ಷ್ಮ ಜಾಲರಿಗಳಲ್ಲಿ ಸೋಸಿ ಹೋಗಬೇಕು. ಕೆಲಸ ಮಾಡುವವರು ಗಾಳಿ ತುಂಬಿದ ಇಡೀ ಮೈಯ ಅಂಗಿ ತೊಟ್ಟು, ಛಾವಣಿಯಿಂದ ಇಳಿಬಿದ್ದ ಕೊಳವೆಯಿಂದ ಉಸಿರಾಡಬೇಕು. ಹೊರಗೆ ಬರುವಾಗ ಅಂಗಿಯೊಡನೆಯೇ ರಾಸಾಯನಿಕದ ಸ್ನಾನ ಮಾಡಬೇಕು. ಆ ಗಾಳಿಯ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸುವುದು ಕಷ್ಟ. ಒಳಗೆ ಹೋದ ಯಾವ ವಸ್ತುವೂ ಹಾಗೆಯೇ ಹೊರಗೆ ಬರುವಂತಿಲ್ಲ: ಆವಿಯಲ್ಲಿ ಬೇಯಬೇಕು, ಇಲ್ಲವೇ ಔಷಧದಲ್ಲಿ ಮುಳುಗಬೇಕು, ಇಲ್ಲವೇ ವಿಷಾನಿಲದ ಹೊಗೆಯಲ್ಲಿ ನಿಲ್ಲಬೇಕು.

ಇಂಥಲ್ಲಿಗೆ ಒಂದು ಸಿ.ಟಿ. ಯಂತ್ರವನ್ನು ಒಯ್ದಿರೆಂದು ಇಟ್ಟುಕೊಳ್ಳಿ. ಅದು ಕೆಟ್ಟರೆ? ರಿಪೇರಿಯವನು ಆ ಅಂಗಿ ತೊಟ್ಟು, ಆ ತರಬೇತಿ ಪಡೆದು ಒಳಗೆ ಹೋಗಬೇಕು. ಕೋಣೆಯನ್ನು ಶುದ್ಧಮಾಡಲು ಫಾರ್ಮಾಲ್ಡಿಹೈಡ್ ಹೊಗೆ ಹಾಕಿದರೆ ಯಂತ್ರದ ಸೂಕ್ಷ್ಮ ಭಾಗಗಳ ಗತಿಯೇನು? ಎಂ.ಆರ್.ಐ. ಯಂತ್ರದ ತೊಡಕು ಇನ್ನೂ ದೊಡ್ಡದು. ಅದೊಂದು ಭಾರಿ ಅಯಸ್ಕಾಂತ. ಅಂಗಿಯ ಕೊಂಡಿಯಲ್ಲಿ ಕಬ್ಬಿಣವಿದ್ದರೂ ಎಳೆಯುತ್ತದೆ. ಅದನ್ನು ತಣ್ಣಗಿಡುವ ದ್ರವ ಹೀಲಿಯಂ ಅಕಸ್ಮಾತ್ತಾಗಿ ಕುದಿದು ಅನಿಲವಾದರೆ, ಗಾಳಿಯ ಒತ್ತಡವನ್ನು ಅಷ್ಟು ನಾಜೂಕಾಗಿ ಕಾಯ್ದುಕೊಂಡ ಕೋಣೆಯಲ್ಲಿ ಏನಾದೀತೆಂದು ಊಹಿಸಿರಿ. ಪಿ.ಇ.ಟಿ. ಎಂಬ ಮತ್ತೊಂದು ಬಗೆಯಲ್ಲಿ ಪ್ರಾಣಿಗೆ ವಿಕಿರಣಶೀಲ ಸಕ್ಕರೆಯಂಥ ದ್ರವ್ಯವನ್ನು ಕೊಡುತ್ತಾರೆ. ಅದರ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತದಾದ್ದರಿಂದ ಎಲ್ಲವೂ ಗಡಿಯಾರ ನೋಡಿಕೊಂಡೇ ನಡೆಯಬೇಕು. ಆ ಪ್ರಾಣಿಯ ಮೂತ್ರ ಏಕಕಾಲದಲ್ಲಿ ಸೋಂಕಿನದೂ ಹೌದು, ವಿಕಿರಣದ್ದೂ ಹೌದು. ಎರಡು ಬಗೆಯ ಮೈಲಿಗೆಗೆ ಎರಡು ಬಗೆಯ ಶುದ್ಧಿ.

ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಫ್ರೆಡರಿಕ್ ನಗರದಲ್ಲಿ, ಫೋರ್ಟ್ ಡೆಟ್ರಿಕ್ ಎಂಬಲ್ಲಿ ಕಟ್ಟಿದ ಸಂಶೋಧನಾಲಯವೊಂದು ಇದಕ್ಕೆ ಕಂಡುಕೊಂಡ ಉಪಾಯ ನನ್ನ ಮನಸ್ಸನ್ನು ಬಹಳ ಸೆಳೆಯಿತು. ಯಂತ್ರವನ್ನು ಅವರು ಒಳಗೆ ಒಯ್ಯಲೇ ಇಲ್ಲ. ಯಂತ್ರ ಗೋಡೆಯ ಈಚೆ, ಶುದ್ಧ ಭಾಗದಲ್ಲಿ. ಗೋಡೆಯಿಂದ ಒಂದು ಭದ್ರವಾದ ಮುಚ್ಚಿದ ಕೊಳವೆ ಹೊರಟು ಯಂತ್ರದ ಬಾಯಿಯೊಳಗೆ ಚಾಚಿಕೊಂಡಿದೆ. ಕೊಳವೆಯ ಒಳಗು ಸೋಂಕಿನ ಲೋಕ, ಹೊರಗು ನಮ್ಮ ಲೋಕ. ಅರಿವಳಿಕೆ ಕೊಟ್ಟ ಮಂಗವನ್ನು ಒಳಗಿನವರು ಹಲಗೆಯ ಮೇಲೆ ಮಲಗಿಸಿ ಕೊಳವೆಯೊಳಕ್ಕೆ ಸರಿಸುತ್ತಾರೆ. ಹೊರಗಿನವರು ಬರಿಯ ಬಟ್ಟೆಯಲ್ಲಿ ಕುಳಿತು ಯಂತ್ರ ನಡೆಸುತ್ತಾರೆ. ಕೆಟ್ಟರೆ ಸ್ಪ್ಯಾನರ್ ಹಿಡಿದು ಯಾರು ಬೇಕಾದರೂ ರಿಪೇರಿ ಮಾಡಬಹುದು. ಅಲ್ಲಿಂದ ಬಂದ ಪ್ರಬಂಧಗಳಲ್ಲಿ, ನಿಪಾ ತಗಲಿದ ಮಂಗಗಳ ಶ್ವಾಸಕೋಶ ಕುಗ್ಗುವುದನ್ನು ಅಳೆದ 2017ರ ಪ್ರಬಂಧವೂ, ಕೋವಿಡ್ ತಗಲಿದ ಮಂಗಗಳ ಶ್ವಾಸಕೋಶದ ಚಿತ್ರಗಳ 2020ರ ಪ್ರಬಂಧವೂ ಇವೆ. ಅಂಥ ಸಂಶೋಧನಾಲಯದ ಪ್ರಯೋಗಗಳನ್ನು 2025ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಅಲ್ಲಿಯ ಸರ್ಕಾರವೇ ನಿಲ್ಲಿಸಿಬಿಟ್ಟಿತು.

ಅವರ ಮನೆಯ ವಿಚಾರ ಅವರದು. ಆದರೆ ನಮಗೂ ಅದರಲ್ಲಿ ಪಾಠವಿಲ್ಲವೇ? ಕ್ಯಾಸನೂರು ವೈರಸ್ಸನ್ನು ಅಮೆರಿಕದವರು ನಾಲ್ಕನೆಯ ಮಟ್ಟದಲ್ಲಿಯೇ ಇಟ್ಟು ನೋಡುತ್ತಾರೆ. ಮೊಂಟಾನಾ ಪ್ರಾಂತದ ರಾಕಿ ಮೌಂಟನ್ ಪ್ರಯೋಗಶಾಲೆಯವರು ಹಂದಿಬಾಲದ ಮಂಗಗಳಿಗೆ ನಮ್ಮ ವೈರಸ್ಸನ್ನು ತಗಲಿಸಿ ಅದರ ರೀತಿಯನ್ನು 2021ರಲ್ಲಿ ಪ್ರಕಟಿಸಿದರು. ಹಿಮದ ನಾಡಿನಲ್ಲಿ ಕುಳಿತು ಅವರು ಸೊರಬದ ಕಾಯಿಲೆಯನ್ನು ಕುರಿತು ತಲೆ ಕೆಡಿಸಿಕೊಂಡರೆಂದು ನಾನು ಕೃತಜ್ಞನೇ. ಕೃತಜ್ಞತೆಯನ್ನೇ ಹಾಸಿ ಹೊದ್ದು ಮಲಗುವುದು ಬೇರೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಪುಣೆಯ ಸಂಸ್ಥೆಯಲ್ಲಿ 2012ರ ಡಿಸೆಂಬರಿನಲ್ಲಿ ನಾಲ್ಕನೆಯ ಮಟ್ಟದ ಪ್ರಯೋಗಶಾಲೆ ಆರಂಭವಾಯಿತು. 2020ರಲ್ಲಿ ಕೊವ್ಯಾಕ್ಸಿನ್ ಲಸಿಕೆಯನ್ನು ಇಪ್ಪತ್ತು ರೀಸಸ್ ಮಂಗಗಳ ಮೇಲೆ ಪರೀಕ್ಷಿಸಿದ್ದು ಪುಣೆಯವರೇ. ಆ ಕಥೆಯನ್ನು ಅಂದಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಮುಖ್ಯಸ್ಥರಾದ ಬಲರಾಮ ಭಾರ್ಗವರು 2021ರಲ್ಲಿ ಪುಸ್ತಕವಾಗಿ ಬರೆದಿದ್ದಾರೆ. ಪ್ರಯೋಗಕ್ಕೆ ಮಂಗಗಳೇ ಇರಲಿಲ್ಲ. ಲಾಕ್‌ಡೌನಿನ ಕಾಲದಲ್ಲಿ ಮಹಾರಾಷ್ಟ್ರದ ಕಾಡುಗಳಲ್ಲಿ ಅಲೆದು ಕೊನೆಗೆ ನಾಗಪುರದ ಕಡೆ ಹಿಡಿದು ತಂದರು. ತಂದ ಮೇಲೆ ಇಡಲು ತಕ್ಕ ಗೂಡುಗಳೂ, ಶ್ವಾಸನಾಳವನ್ನು ನೋಡುವ ಬ್ರಾಂಕೋಸ್ಕೋಪೂ, ಎಕ್ಸ್-ರೇ ಯಂತ್ರವೂ ಆ ಭದ್ರಕೋಟೆಯಲ್ಲಿ ಇರಲಿಲ್ಲವಂತೆ! ಅವನ್ನೆಲ್ಲ ತರಾತುರಿಯಲ್ಲಿ ಹೊಂದಿಸಿಕೊಂಡು ಕೆಲಸವನ್ನು ಮುಗಿಸಿದರು. ಫಲಿತಾಂಶ 2021ರಲ್ಲಿ ಜಗತ್ತಿನ ಪ್ರಸಿದ್ಧ ಪತ್ರಿಕೆಯಲ್ಲಿ ಬಂತು. ಆ ವಿಜ್ಞಾನಿಗಳ ದುಡಿಮೆಗೆ ನಾನು ಕೈ ಮುಗಿಯುತ್ತೇನೆ. ಆದರೆ ರಾಂಟ್‌ಗನ್ ಎಕ್ಸ್-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ನಾಲ್ಕನೆಯ ಮಟ್ಟದ ಕಟ್ಟಡ ಎದ್ದು ಎಂಟು ವರ್ಷವಾಗುವವರೆಗೆ ಅದರೊಳಗೆ ಒಂದು ಎಕ್ಸ್-ರೇ ಯಂತ್ರ ಬೇಕಾದೀತೆಂದು ಯಾರಿಗೂ ತೋಚಲಿಲ್ಲವೇ? ಮನೆ ಕಟ್ಟಿ ಕಿಟಕಿ ಇಡುವುದನ್ನು ಮರೆತ ಹಾಗಾಯಿತು.

ನನ್ನ ಅಭಿಪ್ರಾಯ ಇಷ್ಟೇ. ಇನ್ನು ಮುಂದೆ ನಮ್ಮ ದೇಶದಲ್ಲಿ ಕಟ್ಟುವ ಪ್ರತಿಯೊಂದು ಉನ್ನತ ಭದ್ರತೆಯ ಪ್ರಾಣಿ ಪ್ರಯೋಗಶಾಲೆಯಲ್ಲಿಯೂ ಚಿತ್ರ ತೆಗೆಯುವ ವ್ಯವಸ್ಥೆಯನ್ನು ನಕ್ಷೆಯಲ್ಲಿಯೇ ಬರೆಯಬೇಕು. ಗೋಡೆ ಎದ್ದ ಮೇಲೆ ಆ ಕೊಳವೆಗೆ ತೂತು ಕೊರೆಯುವುದು ಆಗದ ಮಾತು. ಎಲ್ಲೆಡೆಯೂ ಎಂ.ಆರ್.ಐ. ಬೇಕೆಂದು ನಾನು ಹೇಳುವುದಿಲ್ಲ. ತಳ್ಳಿಕೊಂಡು ಹೋಗುವ ಎಕ್ಸ್-ರೇ, ಹೊದಿಕೆ ಹಾಕಿ ಒರೆಸಿ ಶುದ್ಧ ಮಾಡಬಹುದಾದ ಅಲ್ಟ್ರಾಸೌಂಡ್ ಇಷ್ಟಾದರೂ ಮೊದಲ ದಿನದಿಂದ ಇರಲಿ. ಒಳಗೆ ಹೋದ ಸಣ್ಣ ಯಂತ್ರ ಒಳಗೇ ಇರಲಿ. ಚಿತ್ರ ಮಾತ್ರ ತಂತಿಯ ಮೂಲಕ ಹೊರಗೆ ಬಂದರೆ ಸಾಕು. ಚಿತ್ರಕ್ಕೆ ಸ್ನಾನ ಬೇಕಿಲ್ಲ. ಪುಣೆಯಂಥ ಒಂದು ಕಡೆಯಲ್ಲಾದರೂ ಕೊಳವೆಯ ಸಿ.ಟಿ. ಇರಲಿ, ಅಲ್ಲಿ ಮೊದಲು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಕ್ಯಾಸನೂರಿನದು ಇರಲಿ. ಹಳೆಯ ಲಸಿಕೆಯ ಶಕ್ತಿ ಸಾಲದೆಂದು ಅದನ್ನು ಕೈಬಿಟ್ಟದ್ದೂ, ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯ ಪ್ರಯತ್ನ ನಡೆದಿರುವುದೂ ನಮಗೆ ತಿಳಿದದ್ದೇ. ಲಸಿಕೆ ರಕ್ತದಲ್ಲಿ ವೈರಸ್ಸನ್ನು ತಡೆಯಿತು ಎಂದರೆ ಸಾಲದು. ಮೂರನೆಯ ವಾರ ಮಿದುಳನ್ನು ಕಾಯಿತೇ ಎಂಬುದು ನನ್ನಂಥವರ ಮನೆಯ ಪ್ರಶ್ನೆ.

ಇದಕ್ಕೆ ಆಕ್ಷೇಪಗಳು ಬಂದಿವೆ. ವಸತಿಗೃಹದ ನನ್ನ ಕೋಣೆಯಲ್ಲಿಯೇ ಬಂದಿವೆ.

ಹನುಮಂತನ ಕುಲಕ್ಕೆ ವಿಷ ಚುಚ್ಚಿ ಚಿತ್ರ ತೆಗೆಯುವುದು ಪಾಪವಲ್ಲವೇ ಎಂದು ಒಬ್ಬ ಕೇಳಿದ. ಈ ಮಾತನ್ನು ನಾನು ಮೂಢನಂಬಿಕೆಯೆಂದು ತಳ್ಳಲಾರೆ. ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿಯ ಗುಡಿಯ ಮುಂದೆ ಕೈಮುಗಿದು ಪರೀಕ್ಷೆಗೆ ಹೋಗುವವನು ನಾನು. ನಮ್ಮ ಊರಿನಲ್ಲಿ ಸತ್ತ ಮುಸಿಯವನ್ನು ಹಿಂದೆ ಬಾಜಾಬಜಂತ್ರಿಯೊಡನೆ ಮಣ್ಣು ಮಾಡುತ್ತಿದ್ದರು. ಈಗ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಸುದ್ದಿ ಕೊಡಿ ಎನ್ನುತ್ತಾರೆ, ಸುತ್ತ ಔಷಧದ ಪುಡಿ ಎರಚಿ ಸುಡುತ್ತಾರೆ. ಕಾಡಿನಲ್ಲಿ ಯಾರ ಕಣ್ಣಿಗೂ ಬೀಳದೆ ಉಣುಗು ಕಚ್ಚಿ ಸಾಯುವ ಮಂಗಗಳೂ ಹನುಮಂತನ ಕುಲವೇ. ಪ್ರಯೋಗ ನಡೆದೇ ತೀರುವುದಾದರೆ, ಇಪ್ಪತ್ತರ ಬದಲು ಹತ್ತು ಪ್ರಾಣಿಗಳಲ್ಲಿ, ನಿದ್ರೆಯಲ್ಲಿ, ಚೂರಿಯಿಲ್ಲದೆ ನಡೆಯಲಿ ಎಂದು ಕೇಳುವುದು ಭಕ್ತಿಗೆ ವಿರುದ್ಧವೆಂದು ನನಗೆ ತೋರುವುದಿಲ್ಲ. ಆದರೂ ಗೆಳೆಯನ ಮುಖ ತಿಳಿಯಾಗಲಿಲ್ಲ. ನನ್ನ ಮನಸ್ಸೂ ಪೂರ್ತಿ ತಿಳಿಯಾಗಿಲ್ಲ. ಜ್ವರದಿಂದ ಬಳಲುವ ಪ್ರಾಣಿಗೆ ಮತ್ತೆ ಮತ್ತೆ ಅರಿವಳಿಕೆ ಕೊಡುವುದೂ ಒಂದು ಹಿಂಸೆಯೇ, ಅಪಾಯವೇ. ಯಂತ್ರ ಇದೆಯೆಂದು ದಿನಕ್ಕೊಂದು ಚಿತ್ರ ತೆಗೆದು ಗುಡ್ಡೆ ಹಾಕುವ ಚಪಲವನ್ನು ಯಾರಾದರೂ ತಡೆಯಬೇಕು.

ಎರಡನೆಯ ಆಕ್ಷೇಪ ನಮ್ಮ ದೊಡ್ಡಮ್ಮನದು, ಇದೇ ಗಟ್ಟಿಯಾದದ್ದು. ದಸರಾ ರಜದಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ವಿವರಿಸಿದೆ. ಆಕೆ ಒಲೆಯ ಮುಂದಿನಿಂದ ಏಳದೆಯೇ, “ಮಂಗಕ್ಕೆ ಕೂತಲ್ಲಿ ಸ್ಕ್ಯಾನು, ನಿಮ್ಮ ದೊಡ್ಡಪ್ಪಗೆ ಬಳೆ ಅಡ ಇಟ್ಟು ಕಾರು” ಎಂದಳು. ಏನು ಉತ್ತರ ಕೊಡಲಿ? 2019ರ ಹಾವಳಿಯಲ್ಲಿ ಸಾಗರದ ಕಡೆಯ ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. 2024ರಲ್ಲಿಯೂ ಈ ಜಿಲ್ಲೆಯಲ್ಲಿ, ಉತ್ತರ ಕನ್ನಡದಲ್ಲಿ ಸಾವುಗಳಾದವು. ಬಳ್ಳಿಗಾವಿಯ ಕೋಡಿಮಠವನ್ನು ಕುರಿತ 1162ರ ಶಾಸನ, ಅದು ವಿದ್ಯೆಯ ಸ್ಥಾನವೆಂದು ಹೊಗಳುವುದರ ಜೊತೆಗೇ, ನಾನಾ ರೋಗಿಗಳಿಗೆ ಔಷಧೋಪಚಾರ ಮಾಡುವ ಸ್ಥಾನವೆಂದೂ ಹೇಳುತ್ತದೆ. ಎಂಟು ನೂರು ವರ್ಷಗಳ ಹಿಂದೆ ಇದೇ ಶಿಕಾರಿಪುರ ತಾಲ್ಲೂಕಿನಲ್ಲಿ ಓದೂ ಮದ್ದೂ ಒಂದೇ ಅಂಗಳದಲ್ಲಿದ್ದವು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು, ದೊಡ್ಡಮ್ಮನ ಮುಂದೆ ತಲೆ ತಗ್ಗಿಸಿದೆ.

ಆಮೇಲೆ ಯೋಚಿಸಿ ಕಂಡುಕೊಂಡ ಉತ್ತರವಿದು. ಮಂಗನ ಸ್ಕ್ಯಾನೂ ಮನುಷ್ಯನ ಸ್ಕ್ಯಾನೂ ಸವತಿಯರಲ್ಲ. ಪುಣೆಯ ಕೊಳವೆಯನ್ನು ನಿಲ್ಲಿಸಿದರೆ ಆ ಹಣ ಸೊರಬದ ಆಸ್ಪತ್ರೆಗೆ ಹರಿದುಬರುತ್ತದೆಂದು ನಂಬುವಷ್ಟು ಮುಗ್ಧರು ನಾವಲ್ಲ. ಮೂರನೆಯ ವಾರದಲ್ಲಿ ಮಿದುಳಿಗೆ ಏನಾಗುತ್ತದೆಂಬುದು ಮಂಗನಲ್ಲಿ ತಿಳಿದರೆ, ಯಾವ ದಿನ, ಯಾವ ರೋಗಿಗೆ ಸ್ಕ್ಯಾನ್ ಬೇಕೆಂಬುದು ನಮ್ಮ ತಾಲ್ಲೂಕಿನ ವೈದ್ಯರಿಗೆ ತಿಳಿದೀತು. ಕಾರಿನ ಬಾಡಿಗೆ ಕೊಡುವುದು ಯಾವಾಗ ಅಗತ್ಯ, ಯಾವಾಗ ಅಲ್ಲ ಎಂಬುದಾದರೂ ಗೊತ್ತಾದೀತು. ಆದುದರಿಂದ ನಾನು ಎರಡನ್ನೂ ಕೇಳುತ್ತೇನೆ. ಯಾವುದು ಮೊದಲು ಎಂದು ಹಟ ಹಿಡಿದು ಕೇಳಿದರೆ, ದೊಡ್ಡಮ್ಮನ ಬಳೆ ಮೊದಲು. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೂರನೆಯವನೊಬ್ಬ ಉತ್ಸಾಹದಿಂದ, ಹಾಗಾದರೆ ನಾಲ್ಕನೆಯ ಮಟ್ಟದ ಪ್ರಯೋಗಶಾಲೆಯನ್ನು ಕ್ಯಾಸನೂರಿನಲ್ಲಿಯೇ ಕಟ್ಟಿಸೋಣ, ರೋಗ ನಮ್ಮದು, ಹೆಸರು ನಮ್ಮದು ಎಂದ. ಇದಕ್ಕೆ ನಾನು ಒಪ್ಪುವುದಿಲ್ಲ. ಗಾಳಿಯ ಒತ್ತಡ ಒಂದು ಕ್ಷಣವೂ ತಪ್ಪಬಾರದಂಥ ಕಟ್ಟಡವದು. ಆಷಾಢದಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ಮೂರು ದಿನ ಕತ್ತಲಲ್ಲಿ ಉಣ್ಣುವ ನಮಗೆ ಅದರ ಯೋಗ್ಯತೆ ಇನ್ನೂ ಬಂದಿಲ್ಲ. ಅಭಿಮಾನ ಬೇರೆ, ಜನರೇಟರ್ ಬೇರೆ.

ಪುಣೆಯವರ ಪ್ರಬಂಧದ ಅಚ್ಚುಪ್ರತಿಯನ್ನೂ, ಕೊಳವೆಯ ಚಿತ್ರವನ್ನೂ ದೊಡ್ಡಪ್ಪನಿಗೆ ತೋರಿಸಿದೆ. ಅವರು ನಡುಗುವ ಕೈಯಲ್ಲಿ ಕಾಗದವನ್ನು ಹಿಡಿದು ಬಹಳ ಹೊತ್ತು ನೋಡಿದರು. “ಇದರಲ್ಲಿ ಮಲಗಿಸುವಾಗ ಅದಕ್ಕೆ ನಿದ್ದೆ ಬರಿಸುತ್ತಾರಾ?” ಎಂದು ಕೇಳಿದರು. ಹೌದೆಂದೆ. “ಹಾಗಾದರೆ ಪರವಾಗಿಲ್ಲ. ನನಗೆ ಎಚ್ಚರವೇ ಇತ್ತು. ಗುಂಯ್ ಅಂತ ಸದ್ದು. ಸತ್ತೇ ಹೋದೆ ಅಂದುಕೊಂಡಿದ್ದೆ” ಎಂದು ಕಾಗದವನ್ನು ಹಿಂದಕ್ಕೆ ಕೊಟ್ಟರು.

ಅಧ್ಯಾಪಕರಲ್ಲಿ ಒಂದು ಬಿನ್ನಹವಿದೆ. ಕ್ಯಾಸನೂರು ಕಾಯಿಲೆಯನ್ನು ಕುರಿತ ಮುಖ್ಯ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಕಾಡಿಗೆ ಹೋಗುವವರಾರೂ ಅದನ್ನು ಓದಲಾರರು. ಉಚಿತವಾಗಿ ದೊರೆಯುವ ಕೆಲವನ್ನು ಮುದ್ರಿಸಿ ನಮ್ಮ ಗ್ರಂಥಾಲಯದ ಒಂದು ಕಪಾಟಿನಲ್ಲಿ ಇಡಿಸಬೇಕು. ಒಂದನ್ನು ಕನ್ನಡಿಸಲು ನಾನೇ ಆರಂಭಿಸಿದ್ದೇನೆ. ನಾಲ್ಕು ಪುಟ ಆಗಿದೆ. 'ನೆಗೆಟಿವ್ ಪ್ರೆಷರ್' ಎಂಬುದಕ್ಕೆ ಊರಿನವರಿಗೆ ತಿಳಿಯುವ ಕನ್ನಡದ ಮಾತು ಹೊಳೆಯದೆ ಐದನೆಯ ಪುಟದಲ್ಲಿ ನಿಂತಿದೆ. ತಿಳಿದವರು ಹೇಳಬೇಕು, ಪರೀಕ್ಷೆ ಮುಗಿಯುವವರೆಗೆ ನಾನು ವಸತಿಗೃಹದಲ್ಲಿಯೇ ಇರುತ್ತೇನೆ.